ಲಾಳಿಯ ಮಂಚದ ಪುರಾಣ

ಬಟ್ಟೆ ಗಿರಣಿಯಲ್ಲಿ ಮಗ್ಗ ನೋಡಿಕೊಳ್ಳುತ್ತಿದ್ದವನಿಗೆ ಲಾಳಿ ಅಂತ ಹೆಸರು ಬಿದ್ದದ್ದು ಕೆಲಸದ ಚುರುಕಿಗಲ್ಲ, ನೂಲು ಹೊತ್ತು ಅತ್ತಿತ್ತ ಓಡುವ ಲಾಳಿಯ ಹಾಗೆ ಒಂದು ಕಡೆ ಕೂರಲಾರದ ಚಟಕ್ಕೆ. ನಿವೃತ್ತನಾದ ಮೇಲೆ ರಾತ್ರಿಯೆಲ್ಲ ಮನೆಯೊಳಗೆ ಅಡ್ಡಾಡಿ ಹೆಂಡತಿಯ ನಿದ್ದೆಗೂ ಕಲ್ಲು ಹಾಕುತ್ತಿದ್ದ. ಕೇಳಿದರೆ ಒಂದೇ ರಾಗ: “ಮದುವೆಗೆ ಮುಂಚೆ ಲೈನ್‌ಮನೆ ಮಂಚದ ಮೇಲೆ ಬಿದ್ದದ್ದೊಂದೇ ಗೊತ್ತು, ಹೆಣದಂಥ ನಿದ್ದೆ. ಈ ಮೆತ್ತನೆ ಹಾಸಿಗೆ ಯಾವನಿಗೆ ಬೇಕು?”

ಗಿರಣಿ ಮುಚ್ಚಿ ವಸ್ತುಸಂಗ್ರಹಾಲಯವಾಯಿತು. ಕಾರ್ಮಿಕರ ಲೈನ್‌ಮನೆಗಳಿಗೆ ಸುಣ್ಣ ಬಳಿದು, ಪ್ರವಾಸಿಗರಿಗೆ ರಾತ್ರಿ ತಂಗಲು ಕೊಡತೊಡಗಿದರು. ಹೆಂಡತಿ ಅವನ ಹಳೆಯ ಕೋಣೆಯನ್ನೇ ಒಂದು ರಾತ್ರಿಗೆ ಹಿಡಿದಳು.

“ಇವತ್ತು ನಿದ್ದೆ ಬಂತೋ, ಸರಿ. ಬರಲಿಲ್ಲವೋ, ನಮ್ಮನೇಲಿ ಇನ್ನು ಮಂಚದ ಪುರಾಣ ಬಂದ್!”

ಲಾಳಿಯ ಬಳಿ ಇದ್ದದ್ದೇ ಆ ಒಂದು ಪುರಾಣ. ಅದೂ ಹೋದರೆ ಬೀಗರ ಮುಂದೆ, ಮೊಮ್ಮಕ್ಕಳ ಮುಂದೆ ಬಾಯಿ ಬಿಡಲು ಏನುಳಿಯಿತು?

ಅದೇ ಕಬ್ಬಿಣದ ಮಂಚ, ಅದೇ ಅಂಗೈಯಗಲದ ಕಿಟಕಿ, ಗೋಡೆಯಲ್ಲಿ, ಆಗ ಜೊತೆಗಿದ್ದ ಅವನ ಅಣ್ಣ ಅಂಗಿ ನೇತುಹಾಕುತ್ತಿದ್ದ ಮೊಳೆ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಮಗ್ಗಿ ಹೇಳಿಕೊಂಡ. ಚಾಪೆಯ ಮೇಲಿದ್ದ ಹೆಂಡತಿ ಮಾತ್ರ ಹಾಯಾಗಿ ಗೊರಕೆ ಹೊಡೆದಳು.

ಬೆಳಕು ಹರಿಯುವಾಗ ಆ ಮೊಳೆಯನ್ನೇ ನೋಡುತ್ತಿದ್ದ ಲಾಳಿ ಹಣೆ ಚಚ್ಚಿಕೊಂಡ. ಆಮೇಲೆ ಹೊಟ್ಟೆ ಹಿಡಿದು ನಕ್ಕ.

“ಏನ್ರೀ, ತಲೆ ಕೆಟ್ಟಿತಾ?”

“ಕೆಟ್ಟು ಯಾವ ಕಾಲ ಆಯ್ತೋ ಕಣೇ, ನನಗೆ ಗೊತ್ತಾಗಿದ್ದು ಈಗ. ಮಂಚ ಒಂದು, ನಾವಿಬ್ಬರು. ಅಣ್ಣಂದು ಹಗಲು ಪಾಳಿ, ನಂದು ರಾತ್ರಿ ಪಾಳಿ. ಅವನೆದ್ದ ಬಿಸಿ ಆರೋ ಮುಂಚೆ ನಾನು ಬೀಳ್ತಿದ್ದೆ. ರಾತ್ರಿ ಹೊತ್ತು ಇದರ ಮೇಲೆ ಒಂದು ದಿನಾನೂ ಮಲಗಿಲ್ಲ!”

“ಮತ್ತೆ ಇಷ್ಟು ವರ್ಷ ಕೊಚ್ಚಿಕೊಂಡಿದ್ದು?”

“ಅಣ್ಣ ಮಾಡಿದ ನಿದ್ದೇನೂ ನನ್ನ ಖಾತೆಗೇ ಹಾಕ್ಕೊಂಡೆ. ನನ್ನಂಥ ಪೆದ್ದನ್ನ ಇಲ್ಲೇ ಗಾಜಿನ ಪೆಟ್ಟಿಗೇಲಿ ಇಟ್ಟುಬಿಡ್ಲಿ.”

“ಅಂತೂ ಸೋತ್ರಿ. ಪುರಾಣ ಬಂದ್.”

“ಬಂದ್,” ಅಂದ ಲಾಳಿ, ಮೋರೆ ಸಪ್ಪಗೆ ಮಾಡಿಕೊಂಡು.

ಅಷ್ಟರಲ್ಲಿ, ಪ್ರವಾಸಿಗರ ಖುಷಿಗೆಂದು ಉಳಿಸಿಕೊಂಡಿದ್ದ ಹಳೆಯ ಸೈರನ್ ಕೂಗಿತು. ರಾತ್ರಿ ಪಾಳಿ ಮುಗಿಸುವ ಸೈರನ್. ಚಪ್ಪಲಿ ಮೆಟ್ಟಲು ಮಂಚದ ಅಂಚಿಗೆ ಕೂತಿದ್ದ ಲಾಳಿ ಕೂತಲ್ಲೇ ವಾಲಿದ. ಒಂದು ಕಾಲಲ್ಲಿ ಚಪ್ಪಲಿ, ಬಾಯಿ ಅಗಲ, ಹೆಣದಂಥ ನಿದ್ದೆ.

ಕೋಣೆ ಬಿಡುವ ಹೊತ್ತಾಯಿತು. ಹೆಂಡತಿ ಅಲುಗಿಸಿದಳು, ಗದರಿದಳು. ಊಹೂಂ. ಆಗಲೇ ಗೈಡ್ ಪ್ರವಾಸಿಗರ ಗುಂಪನ್ನು ಬಾಗಿಲಿಗೆ ತಂದು ನಿಲ್ಲಿಸಿದ. ಒಬ್ಬಾಕೆ ಇಣುಕಿ, “ಅಯ್ಯೋ, ಬೊಂಬೆ ಎಷ್ಟು ಚೆನ್ನಾಗಿ ಮಾಡಿದಾರೆ, ಗೊರಕೇನೂ ಹೊಡೆಯುತ್ತೆ!” ಅಂದಳು.

ಹೆಂಡತಿ ಸೊಂಟಕ್ಕೆ ಕೈಯಿಟ್ಟು ಬಾಗಿಲಿಗೆ ಅಡ್ಡ ನಿಂತಳು.

“ಮೆಲ್ಲಗೆ ಮಾತಾಡ್ರಮ್ಮ. ರಾತ್ರಿ ಪಾಳಿ ಮುಗಿಸಿ ಈಗಷ್ಟೇ ಮಲಗಿದಾರೆ.”