ಅಜ್ಜಿ ಹಾಕಿದ ಗಂಟು

ನಾನು ಅಗ್ನಿಶಾಮಕ ದಳದವನು. ಹೇರೋಹಳ್ಳಿಯ ಹೊಸ ಮನೆಗಳ ನಡುವೆ ಉಳಿದುಕೊಂಡಿದ್ದ ಹಳೇ ಬಾವಿಗೆ ಒಂದು ಮಧ್ಯಾಹ್ನ ಹೆಂಗಸೊಬ್ಬರು ಬಿದ್ದಿದ್ದರು. ನಾನು ಇಳಿಯುವ ತನಕ ಹಿಡಿದುಕೊಂಡಿರಲಿ ಅಂತ ನೈಲಾನ್ ಹಗ್ಗ ಬಿಟ್ಟೆವು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹಗ್ಗ ಜಗ್ಗಿದ ಹಾಗಾಯಿತು. ಎಳೆದೆವು. ಆಕೆ ಮೇಲೆ ಬಂದಾಗ ಹಗ್ಗ ಕಂಕುಳ ಕೆಳಗೆ ಬಿಗಿಯಾಗಿ ಕಟ್ಟಿತ್ತು. ಬಲಗೈ ಮುರಿದು ಜೋತಾಡುತ್ತಿತ್ತು.

"ಒಂದೇ ಕೈಯಲ್ಲಿ ಹೇಗಮ್ಮ ಕಟ್ಟಿಕೊಂಡ್ರಿ?"

"ನಾನೆಲ್ಲಿ ಕಟ್ಟಿದೆ ಸಾರ್? ಅಲ್ಲಿರೋ ಅಜ್ಜಿ ಕಟ್ಟಿದ್ರು. ಅವರನ್ನೂ ಎತ್ತಿ."

ಬಿಚ್ಚುವಾಗ ಗಂಟು ನೋಡಿದೆ. ಅದು ನಮಗೆ ಕಲಿಸಿದ ಗಂಟಲ್ಲ, ನೀರು ಸೇದುವವರು ಕೊಡದ ಕುತ್ತಿಗೆಗೆ ಹಾಕುವ ಕುಣಿಕೆ. ತೆಂಗಿನ ನಾರಿನ ಹಗ್ಗದಲ್ಲಾದರೆ ಕಚ್ಚಿ ಕೂರುತ್ತದೆ. ನುಣುಪಾದ ನೈಲಾನಿನಲ್ಲಿ ಜಾರಬೇಕಿತ್ತು. ಜಾರಿರಲಿಲ್ಲ.

ನಾನು ಇಳಿದೆ. ಎದೆಮಟ್ಟದ ನೀರಲ್ಲಿ ಸುತ್ತಲೂ ಕಾಲಾಡಿಸಿ ಹುಡುಕಿದೆ. ಯಾರೂ ಇರಲಿಲ್ಲ. ಆದರೂ ಯಾರೋ ಬೆನ್ನ ಹಿಂದೆ ನಿಂತು, ನಾನು ಹುಡುಕಿ ಮುಗಿಸಲಿ ಅಂತ ಕಾಯುತ್ತಿದ್ದ ಹಾಗಿತ್ತು.

"ಎಳೀರಿ" ಅಂತ ಮೇಲಿದ್ದವರಿಗೆ ಕೂಗಿದೆ. ಸುಮ್ಮನೆ ಹೊರಡೋದು ಸರಿಯಲ್ಲ ಅನ್ನಿಸಿ, ನೀರಿನ ಕಡೆ ನೋಡಿ "ಬರ್ತೀನಿ ಅಜ್ಜಿ" ಅಂದೆ. ಅರ್ಧಕ್ಕೆ ಬಂದ ಮೇಲೆ ಹೊಳೆಯಿತು, "ಹೋಗ್ತೀನಿ" ಅಂದಿದ್ದರೇ ವಾಸಿಯಿತ್ತು.