ಸೊಟ್ಟಗಿಟ್ಟ ಕುದುರೆ

ಪ್ಯಾಂಟಿನ ಅಂಚು ಮಡಚಿ ಹೊಲಿಯುವ ಹೆಂಗಸಿಗೆ ಚೆಸ್ ಯಾಕೆ ಬೇಕಿತ್ತು ಅಂತ ಬೀದಿಯವರು ಆಡಿಕೊಂಡರು. ಆಡಿಕೊಳ್ಳಲಿ, ನಾಲಿಗೆಗೆ ಎಲುಬಿದೆಯೇ? ಅವಳ ಗಂಡ ಗೋಡೆಗೆ ಬಣ್ಣ ಬಳಿಯುವವನು. ಊರಿನ ಚೆಸ್ ಟೂರ್ನಿಗೆ ಹೆಸರು ಕೊಟ್ಟ ವಾರವೇ ಏಣಿಯಿಂದ ಬಿದ್ದ. ಜೀವ ಉಳಿಯಿತು, ಕೈಕಾಲು ಹೋದವು.

ಅಂದಿನಿಂದ ಮಂಚದ ಪಕ್ಕ ಬೋರ್ಡು ಇಟ್ಟುಕೊಂಡು ಎರಡೂ ಕಡೆಯ ಕಾಯಿಗಳನ್ನು ಅವಳೇ ನಡೆಸುತ್ತಿದ್ದಳು. ಬಿಳಿ ಅವಳದು, ಕರಿ ಅವನದು. ಅವನು ಬಾಯಲ್ಲಿ ಹೇಳುವನು, ಅವಳು ಇಡುವಳು. ಬಣ್ಣದವನ ಕಣ್ಣು, ಕೇಳಬೇಕೇ!

"ಕುದುರೆ ಸೊಟ್ಟಗಿದೆ ಕಣೇ. ಮನೆ ಮಧ್ಯಕ್ಕಿಡು."

"ಅಯ್ಯೋ, ಓಡಿ ಹೋಗತ್ತಾ ಅದು?" ಅನ್ನುತ್ತಲೇ ಸರಿಮಾಡುತ್ತಿದ್ದಳು. ಬರಬರುತ್ತಾ ಅವನು ಹೇಳುವ ಮೊದಲೇ ಅವಳ ಬೆರಳು ಹೋಗುತ್ತಿತ್ತು.

ಆಟದ ಆರಂಭವನ್ನು ಅವಳಿಗೆ ಅರೆದು ಕುಡಿಸಿದ್ದ. ರಾಜನ ಮುಂದಿನ ಕಾಲಾಳು ಎರಡು ಮನೆ, ಆಮೇಲೆ ಕುದುರೆ, ಆಮೇಲೆ ಒಂಟೆ. ರಾಣಿಗೆ ಆತುರ ಬೇಡ. ಕೊನೆಗಾಲದಲ್ಲಿ ಕೇಳಿದ್ದೂ ಅದನ್ನೇ: "ಟೂರ್ನಿಲಿ ಇದನ್ನ ಆಡಿ ಒಂದೇ ಒಂದು ಆಟ ಗೆದ್ದು ಬಾರೇ." ಅವಳು ಮಾತು ಕೊಟ್ಟಿದ್ದಳು.

ಅವನು ಹೋದ ಮೇಲೆ ಟೂರ್ನಿಗೆ ಹೋದಳು. ಸೋತವರು ಅಲ್ಲಿಗೇ ಹೊರಗೆ. ಎದುರಿಗೆ ಕೂತದ್ದು ಕೈ ನಡುಗುವ ನಿವೃತ್ತ ಮೇಷ್ಟರು. ಗಂಡ ಹೇಳಿಕೊಟ್ಟ ಆರಂಭ ಹೂವೆತ್ತಿದಂತೆ ನಡೆಯಿತು. ಮೇಷ್ಟರ ಆನೆಯೊಂದು ಹೋಯಿತು, ರಾಜ ಮೂಲೆ ಹಿಡಿದ. ಇನ್ನೇನು ಗೆದ್ದಳು ಅನ್ನುವಾಗ ಮೇಷ್ಟರು ಕರಿಯ ಕುದುರೆ ನಡೆಸಿದರು. ಅದು ಗೆರೆಯ ಮೇಲೆ ಸೊಟ್ಟಗೆ ಕೂತಿತು.

ಅವಳ ಬೆರಳು ತಾನಾಗಿ ಹೋಗಿ ಅದನ್ನು ಮನೆಯ ಮಧ್ಯಕ್ಕಿಟ್ಟಿತು. ಹಾಳು ಬೆರಳು!

"ಸರಿಮಾಡ್ತೀನಿ ಅಂತ ಮೊದಲೇ ಹೇಳ್ಬೇಕಿತ್ತಮ್ಮ," ಎಂದ ತೀರ್ಪುಗಾರ. "ಎದುರಾಳಿ ಕಾಯಿ ಮುಟ್ಟಿದ್ರೆ ಅದನ್ನ ಹೊಡೀಲೇಬೇಕು."

"ಬಿಡಿ ಸಾರ್, ಪಾಪ," ಎಂದರು ಮೇಷ್ಟರು. ನಿಯಮ ಬಿಡಲಿಲ್ಲ. ಆ ಕುದುರೆಯನ್ನು ಹೊಡೆಯಲು ದಾರಿ ಇದ್ದದ್ದು ಅವಳ ರಾಣಿಗೆ ಮಾತ್ರ, ಕುದುರೆಗೋ ಮೇಷ್ಟರ ಕಾಲಾಳಿನ ಕಾವಲು. ರಾಣಿ ಹೋಯಿತು. ಸ್ವಲ್ಪ ಹೊತ್ತಿಗೆ ಆಟವೂ ಹೋಯಿತು.

"ಅವರ ಕಾಯಿಗೆ ಯಾಕಮ್ಮ ಕೈ ಹಾಕಿದ್ರಿ?" ತೀರ್ಪುಗಾರ ಮೆಲ್ಲಗೆ ಕೇಳಿದ.

"ಸೊಟ್ಟಗಿದ್ರೆ ಅವರಿಗೆ ಆಗ್ತಿರ್ಲಿಲ್ಲ," ಎಂದಳು. ಯಾರಿಗೆ ಅಂತ ಅವನು ಕೇಳಲಿಲ್ಲ.

ಮನೆಗೆ ಬಂದು ಖಾಲಿ ಮಂಚದ ಪಕ್ಕ ಬೋರ್ಡು ಇಟ್ಟಳು. "ಸೋತೆ ರೀ," ಎಂದಳು. ಕರಿಯ ಕುದುರೆಯನ್ನು ಬೇಕಂತಲೇ ಗೆರೆಯ ಮೇಲೆ ಸೊಟ್ಟಗಿಟ್ಟು, ಕೈ ಕಟ್ಟಿ ಕೂತಳು.

"ನೋಡಿ, ಸೊಟ್ಟಗಿಟ್ಟಿದೀನಿ. ಬೈಯಿರಿ ಈಗ."

ಯಾರೂ ಬೈಯಲಿಲ್ಲ.