ನೂರ ಎಂಬತ್ತು ಸ್ಲೀಪರ್

ಮಕ್ಕಳೆಂದ ಮೇಲೆ ಮಣ್ಣು ತಿನ್ನುತ್ತವೆ, ಏನೂ ಆಗುವುದಿಲ್ಲ ಎಂದು ಅತ್ತೆ ದಿನಕ್ಕೆ ಎರಡು ಸಲವಾದರೂ ಹೇಳುತ್ತಾರೆ. ಆದರೆ ನಗರಸಭೆಯ ಕರಡು ಯೋಜನೆಯ ಇಪ್ಪತ್ತೇಳನೇ ಪುಟದ ನಕ್ಷೆಯ ಮೇಲೆ ಮಾವ ಬೆರಳಿಟ್ಟ ದಿನದಿಂದ ನನಗೆ ಒಂದೇ ಚಿಂತೆ. ನನ್ನ ಮೂರು ವರ್ಷದ ಮಗಳು ಮುಂದೆ ಆಡುವುದು ಯಾವ ಮಣ್ಣಿನಲ್ಲಿ?

ನಮ್ಮ ಬೀದಿಯ ಹಿಂದೆ ರೈಲ್ವೆಯ ಹಳೇ ಗೂಡ್ಸ್ ಯಾರ್ಡ್ ಇದೆ. ಹಳಿ ಕಿತ್ತು ಆರು ವರ್ಷವಾಯಿತು. ಆ ಜಾಗದಲ್ಲಿ ಏನೇನು ಬರಬೇಕೆಂದು ನಗರಸಭೆ ಒಂದು ಕರಡು ಬರೆದು ಜನರ ಮುಂದಿಟ್ಟಿದೆ. ಕಡಿಮೆ ಬಾಡಿಗೆಯ ಮುನ್ನೂರು ಮನೆಗಳು, ಗೋದಾಮಿನ ಕಟ್ಟಡದಲ್ಲಿ ಗ್ರಂಥಾಲಯ, ಹಳಿ ಇದ್ದ ಕಡೆ ನಡೆದಾಡುವ ದಾರಿ, ದಕ್ಷಿಣದ ಮೂಲೆಯಲ್ಲಿ ಮಕ್ಕಳ ಆಟದ ಬಯಲು. ಓದಿದ ದಿನ ನಾನು ಕುಣಿದಾಡಿದ್ದೆ. ಒಂದು ಜಾರುಬಂಡೆಗಾಗಿ ಎರಡು ಬಸ್ ಬದಲಾಯಿಸುವವರು ನಾವು. ನಕ್ಷೆಯನ್ನು ಓಡಿಹೋಗಿ ಮಾವನಿಗೆ ತೋರಿಸಿದೆ.

ಮಾವ ಕನ್ನಡಕ ಏರಿಸಿ ನೋಡಿ, ಆಟದ ಬಯಲಿನ ಮೇಲೆ ಬೆರಳಿಟ್ಟರು. "ಎಲ್ಲಾ ಚೆನ್ನಾಗಿದೆ ಮಗಳೇ. ಇದೊಂದು ಇಲ್ಲಿ ಬೇಡ. ಇದು ಎಣ್ಣೆ ಗುಂಡಿ."

ಮಾವ ಹತ್ತೊಂಬತ್ತನೇ ವಯಸ್ಸಿಗೆ ಆ ಯಾರ್ಡಿಗೆ ಕೆಲಸಕ್ಕೆ ಸೇರಿದವರು. ಫಿಟ್ಟರ್ ಆಗಿ, ನಲವತ್ತೊಂದು ವರ್ಷ ದುಡಿದು, ಅಲ್ಲೇ ನಿವೃತ್ತರಾದರು. ವ್ಯಾಗನ್ ಬಂದು ನಿಂತರೆ ಉದ್ದ ಹಿಡಿಯ ಸುತ್ತಿಗೆಯಿಂದ ಒಂದೊಂದೇ ಚಕ್ರ ತಟ್ಟಿ, ಸದ್ದು ಕೇಳಿಯೇ ಬಿರುಕು ಹಿಡಿಯುತ್ತಿದ್ದರಂತೆ. ಈಗಲೂ ಅವರು ಕಲ್ಲಂಗಡಿ ತಟ್ಟಿ ತಲೆ ಅಲ್ಲಾಡಿಸಿದರೆ ಅಂಗಡಿಯವನು ಎದುರಾಡದೆ ಬೇರೆ ಹಣ್ಣು ಕೊಡುತ್ತಾನೆ. ಆ ಯಾರ್ಡಿನಲ್ಲಿ ಯಾರೂ ಅಡಿ, ಮೀಟರ್ ಅನ್ನುತ್ತಿರಲಿಲ್ಲ. ಹಳಿಯ ಕೆಳಗೆ ಅಡ್ಡ ಹಾಕಿದ ಮರದ ತೊಲೆಗಳು ಇರುತ್ತವಲ್ಲ, ಆ ಸ್ಲೀಪರ್‌ಗಳನ್ನು ಎಣಿಸಿಯೇ ಎಲ್ಲ ಅಳತೆ. ಆ ಅಭ್ಯಾಸ ಮನೆಗೂ ಬಂತು. ನಮ್ಮ ಹಾಲ್ ಆರು ಸ್ಲೀಪರ್, ಮಂಚ ಎರಡೂವರೆ.

"ನನ್ನನ್ನ ನೋಡೋಕೆ ಬಂದಾಗ್ಲೂ ಹುಡುಗಿ ಎರಡು ಸ್ಲೀಪರ್ ಎತ್ತರ ಇದ್ದಾಳೆ ಅಂದಿದ್ರಂತೆ," ಎಂದು ಅತ್ತೆ ಇವತ್ತಿಗೂ ಚುಚ್ಚುತ್ತಾರೆ. "ನನ್ನ ಪುಣ್ಯ, ಸುತ್ತಿಗೆ ತಂದಿರಲಿಲ್ಲ!"

ಎಣ್ಣೆ ಗುಂಡಿಯ ಕಥೆ ಹೇಳುವಾಗ ಮಾತ್ರ ಮಾವ ನಗಲಿಲ್ಲ. ಚಕ್ರದ ಪೆಟ್ಟಿಗೆಗಳಿಂದ ತೆಗೆದ ಹಳೇ ಎಣ್ಣೆಯನ್ನು ಬಕೆಟ್ಟಿನಲ್ಲಿ ಒಯ್ದು ಆ ಗುಂಡಿಗೆ ಸುರಿಯುತ್ತಿದ್ದರಂತೆ. ಯಾರ್ಡ್ ಮುಚ್ಚುವಾಗ ಜಲ್ಲಿ ಹರಡಿ ಮುಚ್ಚಿದರು. ಯಾವ ಕಾಗದದಲ್ಲೂ ಅದರ ಗುರುತಿಲ್ಲ. "ಎಲ್ರೂ ಸುರೀತಿದ್ರು, ನಾನೂ ಸುರಿದೆ. ಅಲ್ಲಿ ಒಂದಿನ ಜೋಕಾಲಿ ಬರುತ್ತೆ ಅಂತ ಯಾರಿಗಮ್ಮ ಗೊತ್ತಿತ್ತು?"

ಕರಡಿನಲ್ಲಿ ಒಂದು ಒಳ್ಳೆಯ ನಿಯಮವಿತ್ತು. ಕೆಟ್ಟ ಮಣ್ಣು ಇರುವುದು ಖಚಿತವಾದರೆ, ಅದನ್ನು ಅಗೆದು ತೆಗೆದ ಮೇಲೆಯೇ ಅಲ್ಲಿ ಏನಾದರೂ ಕಟ್ಟಬೇಕು. ಸರಿ, ಆಕ್ಷೇಪಣೆ ಬರೆಯಲು ಕೂತೆ. ಗುಂಡಿ ಎಲ್ಲಿ ಎಂದು ಕೇಳಿದೆ. "ನೀರಿನ ಟ್ಯಾಂಕಿನ ಕಟ್ಟೆಯಿಂದ ಮೂರನೇ ಲೈನ್ ಹಿಡ್ಕೊಂಡು ನೂರ ಎಂಬತ್ತು ಸ್ಲೀಪರ್," ಎಂದರು ಮಾವ, ಪಕ್ಕದ ಮನೆಗೆ ದಾರಿ ಹೇಳಿದಷ್ಟು ಸಲೀಸಾಗಿ. ನಾನು ಓದಿದವಳಲ್ಲವೇ, ಫೋನಿನಲ್ಲಿ ಹುಡುಕಿದೆ. ಎರಡು ಸ್ಲೀಪರ್‌ಗಳ ನಡುವೆ ಅರವತ್ತು ಸೆಂಟಿಮೀಟರ್ ಎಂದಿತ್ತು. ಗುಣಿಸಿ, ನೂರ ಎಂಟು ಮೀಟರ್ ಎಂದು ಬರೆದು ಕಳಿಸಿದೆ.

ನಗರಸಭೆಯವರು ಅದನ್ನು ಮೂಲೆಗೆ ಹಾಕಲಿಲ್ಲ. ಯಂತ್ರ ತಂದು ನೂರ ಎಂಟನೇ ಮೀಟರಿನಲ್ಲಿ ಕೊರೆದರು, ಮಣ್ಣು ಪರೀಕ್ಷೆಗೆ ಕಳಿಸಿದರು. ಮಣ್ಣು ಚೊಕ್ಕಟವಾಗಿದೆ ಎಂದು ವರದಿ ಬಂತು. ಸೋಮವಾರದ ಸಾರ್ವಜನಿಕ ಸಭೆಯಲ್ಲಿ ಒಬ್ಬ ಸದಸ್ಯರು ವರದಿ ಓದಿ, "ಹಿರಿಯರ ನೆನಪು, ಪಾಪ, ಆಚೀಚೆ ಆಗುತ್ತೆ," ಎಂದರು. ಜನ ನಕ್ಕರು. ಏನೋ ಹೇಳಲು ಎದ್ದ ಮಾವ ಹಾಗೆಯೇ ಕುಳಿತುಬಿಟ್ಟರು. ಆಮೇಲೆ ಮನೆಯಲ್ಲಿ ಯಾರ್ಡಿನ ಸುದ್ದಿಯೇ ನಿಂತುಹೋಯಿತು. ಗುರುವಾರ ಅಡುಗೆಮನೆಯಲ್ಲಿ ಅವರು ಅತ್ತೆಯನ್ನು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು: "ನಂಗೆ ಮರೆವು ಶುರುವಾಗಿದೆಯೇನೇ?"

ಆ ಮಾತು ಕೇಳಿದ ಮೇಲೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಶುಕ್ರವಾರ ಬೆಳಿಗ್ಗೆ ಮಗಳನ್ನೂ ಕರೆದುಕೊಂಡು, ಬರುವುದಿಲ್ಲವೆಂದ ಮಾವನನ್ನು ಯಾರ್ಡಿಗೆ ಎಳೆದುಕೊಂಡು ಹೋದೆ. ಗೇಟಿನ ಕಾವಲುಗಾರ ಅವರ ಜೊತೆಯಲ್ಲೇ ಕೆಲಸ ಮಾಡಿದವನು.

"ಏನಯ್ಯಾ ಫಿಟ್ಟರ್, ಗುಂಡಿ ಕಳ್ಕೊಂಡೆಯಂತೆ? ಜೇಬು ನೋಡ್ಕೊಂಡ್ಯಾ?"

ಮಾವ ನೇರ ಒಳಗೆ ನಡೆದರು. ಟ್ಯಾಂಕಿನ ಕಟ್ಟೆಗೆ ಬೆನ್ನು ಕೊಟ್ಟು ನಿಂತು, ಎದುರಿಗೆ ನೋಡುತ್ತ ನಡೆಯತೊಡಗಿದರು. ಹಳಿಯಿಲ್ಲ, ಸ್ಲೀಪರ್ ಇಲ್ಲ, ಬರೀ ಹುಲ್ಲು. ಆದರೂ ಹೆಜ್ಜೆಗೊಂದು ಸ್ಲೀಪರಿನ ಲೆಕ್ಕ, ಒಂದು ಹೆಜ್ಜೆ ಗಿಡ್ಡವಿಲ್ಲ, ಒಂದು ಉದ್ದವಿಲ್ಲ. ನನ್ನ ಮಗಳು ಹಿಂದೆ ಕುಪ್ಪಳಿಸುತ್ತ "ಒಂದು, ಎರಡು, ಹತ್ತು" ಎಂದು ಎಣಿಸುತ್ತಿದ್ದಳು. ಯಂತ್ರ ಕೊರೆದಲ್ಲಿ ಒಂದು ಗೂಟ ನೆಟ್ಟಿದ್ದರು. ಅಲ್ಲಿಗೆ ಬಂದಾಗ ಮಾವನ ಲೆಕ್ಕ ಇನ್ನೂ ನೂರ ನಲವತ್ತೆರಡು. ಅವರು ನಿಲ್ಲಲಿಲ್ಲ. ನೂರ ಎಂಬತ್ತಕ್ಕೆ ನಿಂತಾಗ ಅವರ ಕಾಲಡಿಯಲ್ಲಿ ಹುಲ್ಲಿರಲಿಲ್ಲ, ಜಲ್ಲಿಯಿತ್ತು. ಕೋಲಿನಿಂದ ಕೆದಕಿದರೆ ಕಪ್ಪು ಮಣ್ಣು. ಆ ವಾಸನೆಗೆ ನಾನು ಮಗಳನ್ನು ಥಟ್ಟನೆ ಎತ್ತಿಕೊಂಡೆ.

ಕಾವಲುಗಾರನ ಗೂಡಿನಿಂದ ಅಳತೆ ಟೇಪ್ ತಂದು ಮಾವನ ಹತ್ತು ಹೆಜ್ಜೆ ಅಳೆದೆ. ಏಳು ಮೀಟರ್ ಅರವತ್ತು. ಅಂದರೆ ಹೆಜ್ಜೆಗೆ ಎಪ್ಪತ್ತಾರು ಸೆಂಟಿಮೀಟರ್.

"ಯಾರ್ಡ್ ಲೈನಲ್ಲಿ ಸ್ಲೀಪರ್ ದೂರ ದೂರ ಹಾಕ್ತಿದ್ರು ಮಗಳೇ," ಎಂದರು ಮಾವ. "ಮೇನ್ ಲೈನಲ್ಲಿ ಗಾಡಿ ಓಡುತ್ತೆ, ಅಲ್ಲಿ ಹತ್ತಿರ ಇರ್ಬೇಕು. ಇಲ್ಲಿ ತೆವಳುತ್ತೆ. ಎಲ್ರಿಗೂ ಗೊತ್ತಿರೋದೇ ಅಲ್ವಾ?"

ಎಲ್ಲರಿಗೂ ಎಂದರೆ ಆ ಯಾರ್ಡಿನಲ್ಲಿ ದುಡಿದವರಿಗೆ. ನನ್ನ ಫೋನಿಗೆ ಗೊತ್ತಿದ್ದದ್ದು ಮೇನ್ ಲೈನ್ ಮಾತ್ರ. ಅವರನ್ನೊಂದು ಮಾತು ಕೇಳದೆ ಗುಣಿಸಿದವಳು ನಾನು. ಸಭೆಯಲ್ಲಿ ಜನ ನಕ್ಕದ್ದು ಅವರನ್ನು ನೋಡಿ.

ಮನೆಗೆ ಬಂದಾಗ ಹನ್ನೊಂದು ಗಂಟೆ. ಆಕ್ಷೇಪಣೆಗೆ ಅಂದು ಸಂಜೆ ಐದರವರೆಗೆ ಮಾತ್ರ ಅವಕಾಶ, ಮುಂದಿನ ವಾರ ಯೋಜನೆಗೆ ಒಪ್ಪಿಗೆ. ಇ-ಮೇಲ್ ಕಳಿಸಿದೆ. ಹತ್ತು ದಿನದೊಳಗೆ ಉತ್ತರಿಸುತ್ತೇವೆ ಎಂದು ತಾನಾಗಿಯೇ ಒಂದು ಉತ್ತರ ಬಂತು. ಉಳಿದದ್ದು ಫೋನ್. ನಾನೋ, ಡಾಕ್ಟರಿಗೆ ಫೋನ್ ಮಾಡಬೇಕಾದರೂ ಹೇಳುವುದನ್ನು ಚೀಟಿಯಲ್ಲಿ ಬರೆದುಕೊಳ್ಳುವವಳು. ಎರಡು ಸಲ ನಂಬರ್ ಒತ್ತಿ ಎರಡು ಸಲವೂ ಕಟ್ ಮಾಡಿದೆ.

"ಕೊಡೇ ಇಲ್ಲಿ, ನಾನು ಮಾತಾಡ್ತೀನಿ. ಒಂದು ಗತಿ ಕಾಣಿಸ್ತೀನಿ," ಎಂದು ಅತ್ತೆ ಸೆರಗು ಬಿಗಿದರು.

"ನೀನು ಸುಮ್ನಿರು," ಎಂದು ಮಾವ ನನ್ನ ಕಡೆ ತಿರುಗಿದರು. "ನನ್ನ ಲೆಕ್ಕವೇ ತಪ್ಪಿತ್ತು ಅಂತ ಹೇಳ್ಬಿಡಮ್ಮ. ಮುದುಕನ್ನ ಯಾರೂ ಬೈಯಲ್ಲ."

ಅದನ್ನು ಮಾತ್ರ ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ಚೀಟಿ ಇಲ್ಲದೆಯೇ ನಂಬರ್ ಒತ್ತಿದೆ. ಸಭೆಯಲ್ಲಿ ನಕ್ಷೆ ವಿವರಿಸಿದ್ದ ಯೋಜನಾ ವಿಭಾಗದ ಅಧಿಕಾರಿಯೇ ಎತ್ತಿಕೊಂಡರು.

"ಮೇಡಂ, ಎಣ್ಣೆ ಗುಂಡಿ ವಿಷಯ. ತಪ್ಪು ನಮ್ಮ ಮಾವಂದಲ್ಲ, ನಂದು. ಅವರು ಹೇಳಿದ್ದು ಸರಿಯಾಗೇ ಇತ್ತು, ಮೀಟರ್ ಮಾಡುವಾಗ ನಾನು ಕೆಡಿಸ್ದೆ. ನೂರ ಎಂಟಲ್ಲ, ನೂರ ಮೂವತ್ತೇಳು. ಇವತ್ತು ಹೋಗಿ ನೋಡ್ಕೊಂಡು ಬಂದ್ವಿ, ಮಣ್ಣು ಕಪ್ಪಗಿದೆ. ನಮಗೆ ಆಟದ ಬಯಲು ಬೇಡ ಅಂತಲ್ಲ ಮೇಡಂ. ಬೇಕೇ ಬೇಕು. ಅದಕ್ಕೇ ಫೋನ್ ಮಾಡಿದ್ದು."

ಆ ಕಡೆ ಕಾಗದ ಮಗುಚುವ ಸದ್ದು.

"ನೂರ ಮೂವತ್ತೇಳು," ಎಂದು ಅವರು ಬರೆದುಕೊಂಡರು. "ಆಕ್ಷೇಪಣೆ ಇವತ್ತಿನ ತಾರೀಖಿಗೇ ದಾಖಲು ಮಾಡ್ತೀನಿ. ಮನೆಗಳ ಪಾಯ ಪರೀಕ್ಷೆಗೆ ಅಂತ ಕೊರೆಯೋ ಯಂತ್ರ ನಾಳೆ ಮಧ್ಯಾಹ್ನದವರೆಗೂ ಯಾರ್ಡಲ್ಲೇ ಇರುತ್ತೆ. ಈ ಸಲ ಮೀಟರ್ ಸಹವಾಸ ಬೇಡ. ನಿಮ್ಮ ಮಾವ ಇದ್ದಾರಾ? ಅವರಿಗೇ ಫೋನ್ ಕೊಡಿ, ಅವರ ಬಾಯಿಂದಲೇ ಕೇಳ್ತೀನಿ."

ಕೊಟ್ಟೆ. ಮಾವ ಗಂಟಲು ಸರಿಮಾಡಿಕೊಂಡು, ಎದ್ದು ನಿಂತೇ ಫೋನ್ ಹಿಡಿದರು.

"ಹೇಳ್ತೀನಿ, ಬರ್ಕೊಳ್ಳಿ ಮೇಡಂ. ಮೊದಲು ಟ್ಯಾಂಕಿನ ಕಟ್ಟೆಗೆ ಬೆನ್ನು ಕೊಟ್ಟು ನಿಂತ್ಕೋಬೇಕು."